ಗಂಟಣ್ಣ ಹೇಳಿದ ಸಾಕ್ಷಿ

ಕಟ್ಟಡದ ಕೆಲಸದವರೆಲ್ಲ ಅವನನ್ನು ಗಂಟಣ್ಣ ಎನ್ನುತ್ತಿದ್ದರು. ಎತ್ತರದ ಗೋಡೆಗೆ ಗಾರೆ ಬಳಿಯುವವರು ನಿಲ್ಲಲು ಸಾರವೆ ಬೇಕು. ಅದನ್ನು ಕಟ್ಟುವುದು ಅವನ ಕಸುಬು. ಬಿದಿರು ಹೋಗಿ ಕಬ್ಬಿಣದ ಕೊಳವೆ ಬಂದಿತ್ತು, ಹಗ್ಗದ ಗಂಟು ಹೋಗಿ ಬೋಲ್ಟು ಬಂದಿತ್ತು, ಹೆಸರು ಮಾತ್ರ ಹಾಗೇ ಉಳಿದಿತ್ತು. ಇಪ್ಪತ್ತೆರಡು ವರ್ಷದಲ್ಲಿ ಅವನು ಕಟ್ಟಿದ ಸಾರವೆಯಿಂದ ಒಂದು ಹಲಗೆಯೂ ಜಾರಿರಲಿಲ್ಲ.

ತಮ್ಮನನ್ನು ಗಾರೆ ಕೆಲಸಕ್ಕೆ ಸೇರಿಸಿದವನೂ ಅವನೇ. ತಮ್ಮ ಬಾಯಿ ಬಿಟ್ಟರೆ ತಮಾಷೆ. ಇಬ್ಬರೂ ಒಬ್ಬ ಮೇಸ್ತ್ರಿಯ ಕೈಕೆಳಗೆ ದುಡಿಯುತ್ತಿದ್ದರು. ಆರು ಮಹಡಿಯ ಆ ಕಟ್ಟಡದ ಗುತ್ತಿಗೆ ಒಂದು ದೊಡ್ಡ ಕಂಪನಿಯದು. ಗಾರೆ ಮತ್ತು ಸಾರವೆಯ ಕೆಲಸವನ್ನು ಮೇಸ್ತ್ರಿ ಅವರಿಂದ ಒಳಗುತ್ತಿಗೆ ಹಿಡಿದಿದ್ದ.

ಆ ದಿನ ಬೆಳಿಗ್ಗೆ ಎಂಟಕ್ಕೆ ಗಂಟಣ್ಣ ಸಾರವೆ ನೋಡುತ್ತ ಒಂದು ಸುತ್ತು ಬಂದ. ನಾಲ್ಕನೇ ಮಹಡಿಯಲ್ಲಿ ಅದನ್ನು ಗೋಡೆಗೆ ಬಿಗಿಹಿಡಿಯುವ ಎರಡು ಕೊಳವೆ ಕಾಣಲಿಲ್ಲ. ಕಿಟಕಿ ಕೂರಿಸುವವರಿಗೆ ಅಡ್ಡ ಬರುತ್ತವೆಂದು ಕಂಪನಿಯ ಎಂಜಿನಿಯರೇ ಹಿಂದಿನ ಸಂಜೆ ಬಿಚ್ಚಿಸಿದ್ದ. ಗಂಟಣ್ಣ ನೇರವಾಗಿ ಅವನ ಶೆಡ್ಡಿಗೆ ಹೋದ.

“ಸಾರ್, ನಾಲ್ಕನೇ ಮಹಡೀಲಿ ಸಾರವೆಗೆ ಹಿಡಿತ ಇಲ್ಲ. ಯಾರನ್ನೂ ಹತ್ತಿಸ್ಬೇಡಿ.”

“ಊಟ ಆದ್ಮೇಲೆ ಹಾಕಿಸ್ತೀನಿ ಹೋಗಯ್ಯ. ಅರ್ಧ ದಿನದಲ್ಲಿ ಆಕಾಶ ಕಳಚಿ ಬೀಳುತ್ತಾ?”

ಹೊರಗೆ ಬಂದಾಗ ತಮ್ಮ ಆಗಲೇ ಮೇಲಿದ್ದ. “ಅಣ್ಣಾ, ಹೆಲ್ಮೆಟ್ ಹಾಕ್ಕೊಳೋ! ನಿನ್ನ ಬೋಳುತಲೆ ಮೇಲೆ ಬಿಸಿಲು ಬಿದ್ದು ನನ್ನ ಕಣ್ಣು ಕುಕ್ಕುತ್ತೆ!” ಎಂದು ಕೂಗಿದ. ಕೆಳಗಿದ್ದವರೆಲ್ಲ ನಕ್ಕರು. ಗಂಟಣ್ಣನೂ ನಕ್ಕ. ಇಳಿದು ಬಾ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಕೆಲಸ ನಿಂತರೆ ಮೇಸ್ತ್ರಿ ಕೂಗಾಡುತ್ತಾನೆ, ಮಧ್ಯಾಹ್ನದವರೆಗೆ ತಾನೇ ಎಂದು ನುಂಗಿಕೊಂಡ.

ಹನ್ನೊಂದರ ಹೊತ್ತಿಗೆ ಸಾರವೆ ಗೋಡೆ ಬಿಟ್ಟು ಹೊರಕ್ಕೆ ವಾಲಿತು. ತಮ್ಮ ಮರಳಿನ ರಾಶಿಯ ಮೇಲೆ ಬಿದ್ದಿದ್ದರೆ ಉಳಿಯುತ್ತಿದ್ದನೋ ಏನೋ. ಬಿದ್ದದ್ದು ಅದರಿಂದ ಎರಡು ಮಾರು ಈಚೆ. ಗಂಟಣ್ಣ ಓಡಿ ಬಂದು ತಲೆಯನ್ನು ತೊಡೆಯ ಮೇಲಿಟ್ಟುಕೊಂಡಾಗ ತಮ್ಮನ ಮೂಗಿಗೆ ಮೆತ್ತಿದ್ದ ಗಾರೆ ಇನ್ನೂ ಹಸಿಯಾಗಿತ್ತು. ಉಸಿರು ಇರಲಿಲ್ಲ.

ಕಂಪನಿ ಕೈತೊಳೆದುಕೊಂಡಿತು. ಸತ್ತವನು ನಮ್ಮ ಆಳಲ್ಲ, ಮೇಸ್ತ್ರಿಯ ಆಳು; ಸಾರವೆ ಕಟ್ಟಿದವನು ಅವನ ಅಣ್ಣನೇ, ಅವನನ್ನೇ ಕೇಳಿ ಎಂದಿತು. ಆ ಮಾತು ಬೀದಿಯ ಬಾಯಿಗೆ ಬಿತ್ತು. ತಮ್ಮನ ಹೆಂಡತಿ ಕಂಪನಿಯ ಮೇಲೆ ಕೇಸು ಹಾಕಿದಳು. ಆದರೆ ಎದುರಿಗೆ ಗಂಟಣ್ಣ ಕಂಡರೆ ಮುಖ ತಿರುಗಿಸಿ ನಡೆಯುತ್ತಿದ್ದಳು.

ಕೇಸು ಐದು ವರ್ಷ ಎಳೆಯಿತು. ಕಡೆಗೆ ಗಂಟಣ್ಣನನ್ನು ಸಾಕ್ಷಿಗೆ ಕರೆದರು.

“ಕೊಳವೆ ಬಿಚ್ಚಿಸಿದ್ದು ಯಾರು?” ಎಂದು ನ್ಯಾಯಾಧೀಶರು ಕೇಳಿದರು.

“ಕಂಪನಿ ಎಂಜಿನಿಯರು, ಸ್ವಾಮಿ.”

“ಅವರಿಗೆ ನೀವು ತಿಳಿಸಿದ್ರಾ?”

“ಬೆಳಿಗ್ಗೆ ಎಂಟಕ್ಕೇ ಹೇಳ್ದೆ.”

ಕಿಟಕಿ ಕೂರಿಸುವವನೂ ಅದನ್ನೇ ಹೇಳಿದ. ತೀರ್ಪು ಬಂತು: ಕೆಲಸವನ್ನು ಬೇರೆಯವರಿಗೆ ವಹಿಸಬಹುದು, ಅಲ್ಲಿ ದುಡಿಯುವವರ ಜೀವದ ಹೊಣೆಯನ್ನು ವಹಿಸಿ ಕೂರಲಾಗದು. ಕಟ್ಟಡ ಯಾರ ಹಿಡಿತದಲ್ಲಿದೆಯೋ ಹೊಣೆಯೂ ಅವರದೇ. ಕಂಪನಿ ತಪ್ಪಿತಸ್ಥ. ತಮ್ಮನನ್ನು ಕುರಿತು ಗಂಟಣ್ಣನನ್ನು ಯಾರೂ ಏನೂ ಕೇಳಲಿಲ್ಲ.

ಮರುದಿನ ತಮ್ಮನ ಹೆಂಡತಿ ಅವನ ಮನೆಗೆ ಬಂದಳು, ಐದು ವರ್ಷದಲ್ಲಿ ಮೊದಲ ಸಲ. ಒಳಗೆ ಬರದೆ ಹೊಸ್ತಿಲ ಬಳಿಯೇ ಕೂತಳು.

“ಭಾವ, ದಿನಾ ನಿಮಗೆ ಶಾಪ ಹಾಕ್ದೆ. ನನ್ನ ಬಾಯಿಗೆ ಹುಳ ಬೀಳ. ತಪ್ಪಾಯ್ತು.”

ಗಂಟಣ್ಣನ ಹೆಂಡತಿ ಕಣ್ಣೊರೆಸಿಕೊಂಡಳು. ಅವನು ಸುಮ್ಮನಿದ್ದಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ತಪ್ಪಾಯ್ತು ಎಂಬ ಆ ಮಾತು ಅವನಿಗೆ ಬೈಗುಳಕ್ಕಿಂತ ಭಾರವಾಯಿತು.

“ಎಂಜಿನಿಯರಿಗೆ ಹೇಳ್ದೆ ಕಣಮ್ಮ,” ಎಂದ. “ಅವನಿಗೆ ಹೇಳ್ಲಿಲ್ಲ. ಮೇಲೆ ನಿಂತಿದ್ದ, ನೋಡ್ದೆ. ಇಳಿಯೋ ಅನ್ನಲಿಲ್ಲ.”

ಅವಳು ಅವನನ್ನೇ ನೋಡಿದಳು. “ಒಂದು ಮಾತು ಅಂದಿದ್ರೆ...” ಎಂದಳು. ಬಾಗಿಲ ಚೌಕಟ್ಟು ಹಿಡಿದು ಎದ್ದು ಬರಿಗಾಲಲ್ಲೇ ಹೊರಟುಹೋದಳು. ಗಂಟಣ್ಣನ ಹೆಂಡತಿ ಅವಳ ಚಪ್ಪಲಿ ಎತ್ತಿಕೊಂಡು ಹಿಂದೆ ಓಡಿದಳು.

ಅವನು ಈಗಲೂ ಸಾರವೆ ಕಟ್ಟುತ್ತಾನೆ. ಒಂದು ಬೋಲ್ಟು ಸಡಿಲವಿದ್ದರೂ ಏಣಿಗೆ ಅಡ್ಡ ನಿಂತು ಯಾರನ್ನೂ ಹತ್ತಗೊಡುವುದಿಲ್ಲ. ಅದಕ್ಕೇ ಮೂರು ಕಡೆ ಕೆಲಸ ಬಿಡಿಸಿದ್ದಾರೆ. ದಾರಿಯಲ್ಲಿ ಎದುರಾದರೆ ಅವಳು ಮುಖ ತಿರುಗಿಸುವುದಿಲ್ಲ. ನಿಂತು, ಅಕ್ಕ ಹೇಗಿದ್ದಾರೆ ಎಂದು ಕೇಳುತ್ತಾಳೆ. ಭಾವ ಎಂದು ಮಾತ್ರ ಕರೆಯುವುದಿಲ್ಲ.