ಕಾಲು ತೆಗೆದರೂ ಇಳಿಯದ ಇಂಜಿನ್

ಆದೋನಿಯ ಹತ್ತಿ ಮಾರ್ಕೆಟ್ಟಿನಲ್ಲಿ ನಮ್ಮ ಗಾಡಿ ಮುಂದಕ್ಕೆ ಜಿಗಿದಾಗ ನನ್ನ ಬಲಗಾಲು ಆಕ್ಸಿಲರೇಟರ್ ಮೇಲೆ ಇರಲೇ ಇಲ್ಲ. ಇದನ್ನು ಇವತ್ತಿಗೂ ಆಣೆ ಮಾಡಿ ಹೇಳುತ್ತೇನೆ. ತೂಕದ ಸಾಲಿನಲ್ಲಿ ನಿಂತಿದ್ದೆ, ಕ್ಲಚ್ ಸ್ವಲ್ಪ ಬಿಟ್ಟೆ, ಅಷ್ಟೇ. ನಮ್ಮ ಹಳೇ ಪೆಟ್ರೋಲ್ ಮಿನಿ ಟ್ರಕ್ಕು ಹಗ್ಗ ಹರಿದುಕೊಂಡ ಹೋರಿಯಂತೆ ನುಗ್ಗಿ ಎದುರಿನ ಹತ್ತಿ ಚೀಲಗಳಿಗೆ ಮೂತಿ ತೂರಿಸಿತು. ಚೀಲಕ್ಕೆ ಒರಗಿ ಕೂತಿದ್ದ ಹಮಾಲಿ ಪಕ್ಕಕ್ಕೆ ಹಾರಿದ್ದರಿಂದ ಉಳಿದ.

"ಅಕ್ಕಾ, ಕಾಲು ತಿಯ್ಯಿ, ಕಾಲು ತಿಯ್ಯಿ!" ಎಂದು, ಕಾಲು ತೆಗೆಯುವಂತೆ ಅವನು ತೆಲುಗಿನಲ್ಲಿ ಕೂಗಿದ. ನನ್ನ ಪಕ್ಕದಲ್ಲಿದ್ದ ಅಪ್ಪ ಕೈಚಾಚಿ ಕೀ ತಿರುವಿ ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡ.

"ಆಕಿ ಕಾಲು ಭಾಳ ಭಾರ ಐತಿ. ಎಷ್ಟು ಹೇಳಿದ್ರೂ ಅಷ್ಟ," ಎಂದು ನೆರೆದವರಿಗೆಲ್ಲ ಕೇಳುವಂತೆ ಹೇಳಿದ. ಎಲ್ಲರೂ ನಕ್ಕರು. ನನ್ನ ಮೈಯೆಲ್ಲ ಉರಿದುಹೋಯಿತು.

ಅಪ್ಪನ ಮೊಣಕಾಲು ಕೈಕೊಟ್ಟ ಮೇಲೆ, ಐದು ವರ್ಷದಿಂದ, ಪೆದ್ದಕಡುಬೂರಿನ ನಮ್ಮ ಹೊಲದಿಂದ ಆದೋನಿಗೆ ಹತ್ತಿ ಸಾಗಿಸುತ್ತಿದ್ದವಳು ನಾನು. ನನಗೆ ಆ ಗಾಡಿ ಓಡಿಸುವುದೆಂದರೆ ಜೀವ. ಕೀ ಹೋದರೆ ಅದು ಚಿಕ್ಕಪ್ಪನ ಮಗನ ಕೈಗೆ ಹೋಗುತ್ತದೆ, ಮತ್ತೆ ತಿರುಗಿ ಬರುವುದಿಲ್ಲ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಮನೆಗೆ ಬಂದವಳೇ ಅಪ್ಪನೆದುರು ನಿಂತೆ. "ಮೂರು ದಿನ ಕೊಡು. ತಪ್ಪು ನನ್ನ ಕಾಲಿಂದಲ್ಲ, ಇಂಜಿನ್ನಿಂದು ಅಂತ ತೋರಿಸ್ತೀನಿ. ಆಮ್ಯಾಲ ಅದ ಮಾರ್ಕೆಟ್ನ್ಯಾಗ, ಅದ ಮಂದಿ ಮುಂದ, ತಪ್ಪು ನಂದು ಅಂತ ನೀ ಹೇಳ್ಬೇಕು."

"ತೋರಿಸ್ಲಿಲ್ಲಂದ್ರ?"

"ಮತ್ತ ಕೀ ಕೇಳಂಗಿಲ್ಲ."

ಅಂಗಳದಲ್ಲಿ ಮಾತ್ರ ಇಂಜಿನ್ ಚಾಲೂ ಮಾಡಬೇಕೆಂಬ ಷರತ್ತಿನ ಮೇಲೆ ಕೀ ಕೊಟ್ಟ.

ಸೀಟು ಎತ್ತಿದರೆ ನಮ್ಮ ಗಾಡಿಯ ಇಂಜಿನ್ ಕಾಣುತ್ತದೆ. ಚಾಲೂ ಮಾಡಿದೆ. ಯಾರೂ ತುಳಿಯದೆಯೇ ಅದು ರೊಯ್ಯೆಂದು ಅರಚಿಕೊಳ್ಳುತ್ತಿತ್ತು. ಮೊದಲು ಆಕ್ಸಿಲರೇಟರ್ ಕೇಬಲ್ ನೋಡಿದೆ, ಬಿಗಿಯಾಗಿರಲಿಲ್ಲ, ಸಡಿಲವಾಗಿಯೇ ಇತ್ತು. ಗಾಳಿ ಒಳಹೋಗುವ ಬಾಯಿ ಬಿಚ್ಚಿದೆ. ಒಳಗೆ ಮಸಿ, ಹತ್ತಿಯ ಧೂಳು. ಒರೆಸಿ ಒರೆಸಿ ಬೆಳ್ಳಗೆ ಮಾಡಿದೆ. ಇಂಜಿನ್ ಅದೇ ರಾಗ ಹಾಡಿತು. ಎರಡನೆಯ ದಿನ ಆದೋನಿಯಿಂದ ಬಂದ ಮೆಕ್ಯಾನಿಕ್ ಒಂದು ನಿಮಿಷ ಬಗ್ಗಿ ನೋಡಿ, "ಸೆನ್ಸರ್ ಗಯಾ, ಆಪಾ," ಎಂದು ಉರ್ದುವಿನಲ್ಲಿ ಹೇಳಿ, ಕೆಟ್ಟಿತೆಂದ ಆ ಸೆನ್ಸರ್ ತೆಗೆದು ಹೊಸದು ಹಾಕಿಕೊಟ್ಟು ಹೋದ. ಇಂಜಿನ್ನಿಗೆ ಹೊಸ ಸೆನ್ಸರ್ ಬಂದದ್ದು ಗೊತ್ತೇ ಆಗಲಿಲ್ಲ. ಅಪ್ಪ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಜಗಿಯುತ್ತಿದ್ದ. ಅವನು ಏನಾದರೂ ಅಂದಿದ್ದರೆ ವಾಸಿಯಿತ್ತು.

ಮೂರನೆಯ ದಿನ ಬೆಳಿಗ್ಗೆ, ಸಿಟ್ಟಿನಲ್ಲೇ, ಓಡುತ್ತಿದ್ದ ಇಂಜಿನ್ನಿನ ಗಾಳಿಬಾಯಿಗೆ ಅಂಗೈ ಒತ್ತಿಟ್ಟೆ. ಉಸಿರು ಕಟ್ಟಿ ನಿಲ್ಲಬೇಕಿತ್ತು. ನಿಲ್ಲಲಿಲ್ಲ! ಅಂದರೆ ಬೇರೆಲ್ಲಿಂದಲೋ ಕಳ್ಳಗಾಳಿ ಒಳಗೆ ಹೋಗುತ್ತಿದೆ, ಆ ಗಾಳಿಯ ಲೆಕ್ಕಕ್ಕೆ ಇಂಜಿನ್ ಪೆಟ್ರೋಲ್ ಕುಡಿದು ಓಡುತ್ತಿದೆ. ನೀರಿನ ಪೈಪಿನ ತುಂಡೊಂದನ್ನು ಕಿವಿಗಿಟ್ಟುಕೊಂಡು, ಇನ್ನೊಂದು ತುದಿಯನ್ನು ಡಾಕ್ಟರರ ಹಾಗೆ ಎಲ್ಲ ಕಡೆ ಆಡಿಸಿದೆ. ಇಂಜಿನ್ನಿನ ಹಿಂಬದಿ, ಕಣ್ಣಿಗೆ ಬೀಳದ ಮೂಲೆಯಲ್ಲಿ, ಸುಸ್ಸೆಂಬ ಸದ್ದು. ಅಲ್ಲಿ ಬೆರಳಿಟ್ಟೆ. ಇಂಜಿನ್ ತಟ್ಟನೆ ತಣ್ಣಗಾಗಿ ಗುಟುಗುಟು ಅನ್ನತೊಡಗಿತು. ನಾನು ಒಬ್ಬಳೇ ಜೋರಾಗಿ ನಕ್ಕೆ.

ಇಂಜಿನ್ ನಿಲ್ಲಿಸಿ, ಕೈ ತೂರಿಸಿ ಎಳೆದೆ. ಒಂದು ಸಣ್ಣ ಕೊಳವೆಯ ಬಾಯಲ್ಲಿ ರಬ್ಬರ್ ಟೋಪಿ ಇರಬೇಕಾದಲ್ಲಿ, ಒಣಗಿ ಕಡ್ಡಿಯಾದ ಹತ್ತಿ. ಮೇಲೆ ಚೀಲ ಹೊಲಿಯುವ ನೀಲಿ ದಾರದ ಸುತ್ತು. ಗಂಟು ನನ್ನದೇ.

ನಮ್ಮ ಕಡೆ ತೂತು ಕಂಡರೆ ಹತ್ತಿ ತುರುಕುತ್ತೇವೆ. ಕಿವಿ ನೋವಿಗೂ ಅದೇ, ಸೋರುವ ಎಣ್ಣೆ ಡಬ್ಬಿಗೂ ಅದೇ. ಎರಡು ವರ್ಷದ ಹಿಂದೆ ನಾಗಲದಿನ್ನೆಯಿಂದ ಹತ್ತಿ ಹೇರಿಕೊಂಡು ಬರುವಾಗ ಆ ಟೋಪಿ ಹರಿದಿತ್ತು. ಹೇರಿನಿಂದಲೇ ಹತ್ತಿ ಕಿತ್ತು, ಎಣ್ಣೆಯಲ್ಲಿ ಅದ್ದಿ ತುರುಕಿ ಮನೆ ಮುಟ್ಟಿದ್ದೆ. ಟೋಪಿ ನಾಳೆ ತಂದರಾಯಿತು ಎಂದುಕೊಂಡು ಮರೆತೇಬಿಟ್ಟಿದ್ದೆ. ಎಣ್ಣೆ ಆರಿತು, ಹತ್ತಿ ಕುಗ್ಗಿತು, ಗಾಳಿ ನುಗ್ಗಿತು. ಆ ಹಮಾಲಿ ಹಾರದೆ ಇದ್ದಿದ್ದರೆ?

ಅದನ್ನು ತಿಪ್ಪೆಗೆ ಎಸೆಯುವ ಮನಸ್ಸಾಯಿತು, ಸುಳ್ಳು ಯಾಕೆ ಹೇಳಲಿ? ಎಸೆಯಲಿಲ್ಲ, ಸೆರಗಿಗೆ ಗಂಟು ಹಾಕಿಕೊಂಡೆ. ಅಪ್ಪನಿಗೆ ಹೇಳಲೂ ಇಲ್ಲ. ಬಸ್ಸಿನಲ್ಲಿ ಹೋಗಿ ಟೋಪಿ ತಂದು ಹಾಕಿದೆ. ಅಪ್ಪ ಬಂದು ಇಂಜಿನ್ನಿನ ಸದ್ದು ಕೇಳಿ ತಲೆಯಾಡಿಸಿದ. "ತಪ್ಪು ಇಂಜಿನ್ನಿಂದು. ನಾಳೆ ಮಾರ್ಕೆಟ್ಟಿಗೆ ನಡಿ, ನಾ ಹೇಳ್ತೀನಿ," ಎಂದ.

ಮರುದಿನ ನಾನೇ ಓಡಿಸಿದೆ. ದಾರಿಯುದ್ದಕ್ಕೂ ಗಾಡಿ ಬೆಣ್ಣೆಯ ಹಾಗೆ ಸಾಗಿದರೂ ನನಗೆ ಸುಖವಾಗಲಿಲ್ಲ. ಅದೇ ಸಾಲಿನಲ್ಲಿ ನಿಂತೆವು. ಅಪ್ಪ ಮೊಣಕಾಲು ಹಿಡಿದುಕೊಂಡು ಇಳಿದು, ಆ ಹಮಾಲಿಯನ್ನೂ ಉಳಿದವರನ್ನೂ ಕರೆದ. "ಅವತ್ತು ನಾ ಮಗಳಿಗೆ ಅಂದಿದ್ದು..." ಎಂದು ಶುರು ಮಾಡಿದ.

ನನಗೆ ತಡೆಯಲಾಗಲಿಲ್ಲ. ಕೆಳಗೆ ಹಾರಿ, ಸೆರಗಿನ ಗಂಟು ಬಿಚ್ಚಿ, ಆ ಹತ್ತಿಯನ್ನು ಅಂಗೈ ಮೇಲಿಟ್ಟು ಚಾಚಿದೆ. "ಅಪ್ಪಾ, ನಿಲ್ಲು. ಇದನ್ನ ತುರುಕಿದಾಕಿ ನಾನ. ಎರಡು ವರ್ಷ ತಗೀದ ಬಿಟ್ಟಾಕಿನೂ ನಾನ." ಹಮಾಲಿಯ ಕಡೆ ತಿರುಗಿ, "ತಪ್ಪಾಯ್ತಪ್ಪಾ, ನಿನ್ನ ಜೀವಕ್ಕ ಬರ್ತಿತ್ತು," ಎಂದೆ.

ಯಾರೂ ನಗಲಿಲ್ಲ. ಅಪ್ಪ ಹತ್ತಿಯನ್ನು ಎತ್ತಿಕೊಂಡು ಗಂಟನ್ನು ತಿರುಗಿಸಿ ನೋಡಿದ. ಕೀ ಕೇಳುತ್ತಾನೆಂದು ನಾನು ಕಾಯುತ್ತಿದ್ದೆ.

"ಇದು ಆಕಿ ತಪ್ಪು," ಎಂದ, ಮಂದಿಗೆಲ್ಲ ಕೇಳುವಂತೆ. "ಸೀಟು ಎತ್ತಿ ನೋಡೋದು ಬಿಟ್ಟು ಮಗಳ ಕಾಲಿಗೆ ಅಂದೆನಲ್ಲ, ಅದು ನಂದು."

ನನ್ನ ಕಣ್ಣು ತುಂಬಿ ಬಂತು. ಅಪ್ಪ ಆಗಲೇ ಎಡಗಡೆಯ ಬಾಗಿಲು ಹಿಡಿದು ಹತ್ತುತ್ತಿದ್ದ.

"ಸಾಲು ಸರೀತು. ಗಾಡಿ ಮುಂದ ತಗೊ," ಎಂದ.