ಏಡಿಯಜ್ಜಿಗೆ ದನಿಯಾದ ಸುಗುಣ

ನಾವುಂದದ ಅಂಗನವಾಡಿಯಲ್ಲಿ ಟೀಚರ್ ಸುಗುಣ ಕತೆ ಹೇಳಲು ಕೂತರೆ ಅಳುವ ಮಗುವೂ ಮೂಗು ಒರೆಸಿಕೊಂಡು ಹತ್ತಿರ ಬರುತ್ತಿತ್ತು. ಅವರದು ಸ್ವಲ್ಪ ಒಡಕು ದನಿ. ಮಗಳನ್ನು ಕರೆದೊಯ್ಯಲು ಬಂದಿದ್ದ ರಾಜೇಂದ್ರ ಒಂದು ದಿನ ಕಿಟಕಿಯ ಹೊರಗೆ ನಿಂತು ಆ ಕತೆಯನ್ನು ಪೂರ್ತಿ ಕೇಳಿದ. ಕುಂದಾಪುರದಲ್ಲಿ ಅವನದೊಂದು ಸ್ಟುಡಿಯೋ ಇತ್ತು. ತೇಲು ಎಂಬ ಪುಟ್ಟ ದೋಣಿಯ ಕಾರ್ಟೂನನ್ನು ಆಗಷ್ಟೇ ಶುರು ಮಾಡಿದ್ದ. ತೇಲುವಿಗೆ ದಡದಿಂದ ಬುದ್ಧಿ ಹೇಳುವ ಏಡಿಯಜ್ಜಿಗೆ ದನಿ ಬೇಕಿತ್ತು.

ಏಳು ವರ್ಷ ಸುಗುಣ ಭಾನುವಾರಗಳಲ್ಲಿ ಬಸ್ಸು ಹತ್ತಿ ಹೋಗಿ ಏಡಿಯಜ್ಜಿಯಾದರು. ಬರೆದುಕೊಟ್ಟ ಮಾತನ್ನು ಕುಂದಾಪ್ರ ಕನ್ನಡಕ್ಕೆ ತಿರುಗಿಸಿಕೊಂಡೇ ಆಡುತ್ತಿದ್ದರು. ಮೀನು ಪೇಟೆಯಲ್ಲಿ ಅವರು ದರ ಕೇಳಿದರೆ, ತಾಯಂದಿರ ಸೊಂಟದ ಮೇಲಿದ್ದ ಮಕ್ಕಳು ತಿರುಗಿ ನೋಡುತ್ತಿದ್ದವು.

ಕಳೆದ ವರ್ಷ ಮಳೆಗಾಲಕ್ಕೆ ಮುಂಚೆ ರಾಜೇಂದ್ರ ಚಹಾ ತರಿಸಿ ಕೂರಿಸಿದ. ಅಜ್ಜಿಯ ಜಾಗಕ್ಕೆ ಮಿಂಚುಳ್ಳಿ ಮರಿಯೊಂದು ಬರುತ್ತದೆ ಎಂದ.

“ನಾನ್ ಎಂತ ತಪ್ಪ್ ಮಾಡ್ದೆ?” ಸುಗುಣ ಕೇಳಿದರು.

“ನಿಮ್ದ್ ಎಂತದೂ ತಪ್ಪಿಲ್ಲೆ, ಟೀಚರೆ. ಇದನ್ನ್ ಕಾಂಬುದ್ ಸಣ್ ಮಕ್ಳ್. ಶಾಲಿಗ್ ಹೋಪುಕ್ ಶುರು ಮಾಡ್ರೆ ಬಿಟ್ಬಿಡ್ತೊ. ಹೊಸ್ ಮಕ್ಳಿಗೆ ಅಜ್ಜಿ ಗೊತ್ತಿಲ್ಲೆ. ತೇಲುನ ಬದಲ್ಸುಕ್ ಆತಿಲ್ಲೆ, ಕಾರ್ಟೂನಿನ್ ಹೆಸ್ರೇ ಅವಂದ್. ಹೊಸತ್ ಅನ್ಸ್ಕಾರೆ ಸುತ್ತ ಇದ್ದರನ್ನೇ ಬದಲ್ಸ್ಕ್.” ಏಡಿ ಒಂದು ಹೆಜ್ಜೆ ಇಟ್ಟರೂ ಎಲ್ಲ ಕಾಲುಗಳನ್ನೂ ಬರೆಯಬೇಕು, ಹಕ್ಕಿಗಾದರೆ ಎರಡು ರೆಕ್ಕೆ ಸಾಕು, ಅದರ ಗೊಂಬೆಯನ್ನೂ ಮಾರಬಹುದು ಎಂಬುದನ್ನೂ ಅವನು ಮುಚ್ಚಿಡಲಿಲ್ಲ.

ಸುಗುಣರಿಗೆ ಅಳು ಬಂದಂತಾಯಿತು. ಆದರೆ ಅವನು ಹೇಳಿದ್ದು ಅವರಿಗೆ ಹೊಸದಾಗಿರಲಿಲ್ಲ. ಒಂದನೇ ತರಗತಿಗೆ ಸೇರಿದ ಮಕ್ಕಳು ಅಂಗನವಾಡಿಯ ಗೇಟಿನೆದುರೇ ತಿರುಗಿ ನೋಡದೆ ಹೋಗುವುದನ್ನು ವರ್ಷವರ್ಷವೂ ಕಂಡವರು ಅವರು.

“ಆಯ್ತ್. ಅಜ್ಜಿ ಎಲ್ಲಿಗ್ ಹೋತ್ ಅಂದೇಳಿ ಮಕ್ಳಿಗೆ ಹೇಳ್ತ್ರಿಯಾ?”

“ಇಲ್ಲೆ. ಕಾರ್ಟೂನ್ ಮಾಡುವರ್ ಎಲ್ಲರೂ ಸುಮ್ನೆ ಬಿಟ್ಬಿಡುದೇ. ಹೇಳ್ರೆ ಸಣ್ ಮಕ್ಳ್ ಹೆದ್ರ್ತೊ.”

“ಹೇಳ್ದೆ ಹೋರೇ ಹೆದ್ರುದ್. ನಮ್ಮಲ್ಲ್ ಒಂದ್ ಮಗು ಬಿಟ್ಟ್ ಹೋಪತಿಗೆ ಎಲ್ಲರೂ ಸೇರಿ ಬಾಗ್ಲ್ ತನಕ ಹೋಯಿ ಕಳ್ಸಿ ಬತ್ತೊ.” ಕೊನೆಗೊಂದು ಮಾತು ಆಡಲು ಬಿಡದಿದ್ದರೆ ಉಳಿದ ಸಂಚಿಕೆಗಳಿಗೂ ಬರುವುದಿಲ್ಲ ಎಂದರು. ಅವರು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ರಾಜೇಂದ್ರ ಕೇಳಿರಲಿಲ್ಲ. ಒಪ್ಪಿಕೊಂಡ.

ಕೊನೆಯ ದೃಶ್ಯದಲ್ಲಿ ಏಡಿಯಜ್ಜಿ ಆಚೆ ದಡದಲ್ಲಿರುವ ತಂಗಿಯ ಮನೆಗೆ ಹೊರಟಿತು. ಮಿಂಚುಳ್ಳಿ ಮರಿಗೆ ತೇಲುವನ್ನು ನೋಡಿಕೊಳ್ಳಲು ಹೇಳಿತು. ಬಳಿಕ ಸುಗುಣ, ಊರಲ್ಲಿ ಯಾರ ಮನೆಯಿಂದ ಹೊರಡುವಾಗಲೂ ಹೇಳುವಂತೆ, “ಬತ್ತೆ ಮಕ್ಳೇ” ಎಂದರು. ಮೈಕಿನ ಮುಂದಿನಿಂದ ಎದ್ದು ನೇರ ಬಸ್‌ಸ್ಟ್ಯಾಂಡಿಗೆ ನಡೆದರು.

ಹೊಸ ಸಂಚಿಕೆಗಳು ಬಂದವು. ಮಿಂಚುಳ್ಳಿ ಮರಿ ಮಕ್ಕಳಿಗೆ ಹಿಡಿಸಿತು. ಅಂಗನವಾಡಿಯಲ್ಲೂ ಅದರಂತೆ ಕೈ ಬಡಿಯುವ ಆಟ ಶುರುವಾಯಿತು. ಸುಗುಣರೂ ಜತೆಗೆ ಕೈ ಬಡಿದರು. ಮನೆಯಲ್ಲಿ ಮಾತ್ರ ಭಾನುವಾರ ಬೆಳಿಗ್ಗೆ ಏನು ಮಾಡುವುದೆಂದು ತೋಚುತ್ತಿರಲಿಲ್ಲ.

ದೀಪಾವಳಿ ಕಳೆದ ಮೇಲೆ ರಾಜೇಂದ್ರನ ಫೋನು ಬಂತು. ನಾಲ್ಕು ವರ್ಷದ ಅವನ ಕಿರಿಮಗಳು ಪ್ರೇಕ್ಷಾ ದಿನವೂ ಒಂದೇ ಪ್ರಶ್ನೆ ಕೇಳುತ್ತಿದ್ದಳಂತೆ. ಬೇರೆ ಮನೆಗಳಿಂದಲೂ ಅದೇ ಪ್ರಶ್ನೆ ಬರುತ್ತಿತ್ತು.

“ಅಜ್ಜಿ ಬತ್ತೆ ಅಂದೇಳಿ ಹೋಯಿತ್ತಲೆ, ಯಾವಾಗ ಬತ್ತ್ ಅಂಬ್ರ್. ಎಂತ ಹೇಳುದ್ ಟೀಚರೆ?”

“ಬತ್ತ್ ಅಂದೇಳಿ ಹೇಳಿ,” ಎಂದರು ಸುಗುಣ. “ತಂಗಿ ಮನಿಗ್ ಹೋದರ್ ಅಲ್ಲೇ ಉಳಿತ್ರಾ?”

ಈಗ ಏಡಿಯಜ್ಜಿ ಹಬ್ಬಗಳಿಗೆ ಬರುತ್ತದೆ, ಸುಗುಣರ ದನಿಯಲ್ಲೇ. ಅದು ಬರುವ ಸಂಚಿಕೆಗಳಲ್ಲಿ ಹೆಚ್ಚಾಗಿ ಒಂದೇ ಕಡೆ ಕೂತಿರುತ್ತದೆ, ಕಾಲು ಬರೆಯುವ ಕೆಲಸ ಕಡಿಮೆಯಾಗಲೆಂದು. ಸುಗುಣರಿಗೆ ಅದರ ಬಗ್ಗೆ ತಕರಾರಿಲ್ಲ.