ಹೋಗ್ತಾ ಒಂದು, ಬರ್ತಾ ಒಂದು

ಚಿಂತಾಮಣಿಯ ಬಸ್ಸು ನನ್ನನ್ನು ಶಿಡ್ಲಘಟ್ಟದಲ್ಲಿ ಇಳಿಸಿದಾಗ ರಸ್ತೆಯ ಅಂಚಿನಲ್ಲಿ ಒಂದು ಸ್ಕೂಟರ್ ನಿಂತಿತ್ತು. ಕಾಲಿಡುವ ಜಾಗದಲ್ಲಿ ಹಿಪ್ಪುನೇರಳೆ ಸೊಪ್ಪಿನ ಹೊರೆ, ಅದರ ಮೇಲೆ ನೀರು ಚಿಮುಕಿಸಿದ ಗೋಣಿಚೀಲ. ಒದ್ದೆ ಗೋಣಿಯದೂ ಅದರಡಿ ಬೆಚ್ಚಗಾಗುತ್ತಿದ್ದ ಹಸಿ ಸೊಪ್ಪಿನದೂ ಬೆರೆತ ವಾಸನೆ. ಈ ಊರಿನಲ್ಲಿ ಅದನ್ನು ಯಾರೂ ವಾಸನೆ ಎಂದು ಗಮನಿಸುವುದಿಲ್ಲ. ನಾನು ಮಾತ್ರ ಚಪ್ಪಲಿಯ ಬಾರು ಸರಿಮಾಡುವವನಂತೆ ಬಗ್ಗಿ ಅಲ್ಲೇ ನಿಂತೆ. ನಾನು ಹೊರಟಿದ್ದದ್ದು ನನ್ನ ಹಳೆಯ ಮನೆ ಯಜಮಾನರ ಹನ್ನೊಂದನೆಯ ದಿನದ ಊಟಕ್ಕೆ. ಅವರನ್ನು ನೆನೆಯಲು ಇದಕ್ಕಿಂತ ಸರಿಯಾದ ವಾಸನೆ ಬೇರೆ ಇರಲಿಲ್ಲ.

ತಾಲ್ಲೂಕು ವರದಿಗಾರನಾಗಿ ಹೊಸದಾಗಿ ಬಂದಾಗ ನಾನು ಅವರ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಬೀದಿಯವರಿಗೆ ಅವರು ಪಾದರಸ. ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಹಳೆಯ ಕ್ಯಾಲೆಂಡರಿನ ಹಾಳೆ ಹರಿದು ಅದರ ಹಿಂದೆ ಆ ದಿನದ ಕೆಲಸಗಳನ್ನು ಬರೆಯುತ್ತಿದ್ದರು. ಗ್ಯಾಸು, ಕರೆಂಟ್ ಬಿಲ್ಲು, ಮಗಳಿಗೆ ರೆಕಾರ್ಡ್ ಪುಸ್ತಕ, ಮೂಲೆಮನೆಯ ಅಜ್ಜಿಯ ಪಿಂಚಣಿ, ಯಾರದೋ ಮಿಕ್ಸಿ, ಗೌರಿಬಿದನೂರಿನಲ್ಲಿ ಯಾರಿಗೋ ಕೊಡಬೇಕಾದ ಮದುವೆ ಕಾಗದ... ಒಂದೊಂದು ಮುಗಿದಾಗಲೂ ಜೇಬಿನಿಂದ ಹಾಳೆ ತೆಗೆದು ಎಲ್ಲರಿಗೂ ಕಾಣುವಂತೆ ಗೀಟು ಹಾಕುತ್ತಿದ್ದರು. ಆ ಗೀಟು ಹಾಕುವ ಸುಖಕ್ಕಾಗಿಯೇ ಅವರು ಬದುಕಿದ್ದರೆಂದು ನನಗೆ ಆಗಲೂ ಅನ್ನಿಸಿತ್ತು. ಈಗಲೂ ಆ ಅಭಿಪ್ರಾಯ ಬದಲಾಗಿಲ್ಲ.

"ಹೋಗ್ತಾ ಒಂದು, ಬರ್ತಾ ಒಂದು. ಖಾಲಿ ಸ್ಕೂಟರ್ ಓಡಿಸೋನು ದಡ್ಡ ಕಣಪ್ಪ" ಎನ್ನುವುದು ಅವರು ನನಗೆ ಕೊಟ್ಟ ಮೊದಲ ಉಪದೇಶ. ಕುಳಿತವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ನಾನು ಕುಳಿತು ವರದಿ ಬರೆಯುವುದೂ ಅವರ ಲೆಕ್ಕದಲ್ಲಿ ಕೆಲಸವಲ್ಲ. "ಏನ್ ಪೇಪರ್ನೋರೇ, ಇನ್ನೂ ಕೂತೇ ಇದೀರಾ?" ಎಂದು ಕೇಳುತ್ತಲೇ ಗೇಟು ದಾಟುತ್ತಿದ್ದರು. ಉತ್ತರಕ್ಕೆ ನಿಲ್ಲುವಷ್ಟು ಬಿಡುವು ಅವರಿಗೆ ಎಂದೂ ಇದ್ದದ್ದಿಲ್ಲ.

ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಸಾದಲಿ ಕಡೆಯ ಹುಡುಗಿ, ನಡೆಯಲು ಕಲಿತಾಗಿನಿಂದ ರೇಷ್ಮೆಹುಳುವಿನ ನಡುವೆ ಬೆಳೆದವರು. ಮದುವೆಯಾಗಿ ಬಂದ ಮೇಲೆ ಅದೆಲ್ಲ ನಿಂತಿತ್ತು. ಹುಳು ಸಾಕುವುದೆಂದರೆ ಕುಳಿತು ಮಾಡುವ ಕೆಲಸವೆಂದು ಯಜಮಾನರ ತಿಳಿವಳಿಕೆ. ಮಗಳು ಚಿಕ್ಕಬಳ್ಳಾಪುರದ ಕಾಲೇಜಿಗೆ ಸೇರಿದ ವರ್ಷ ಅಕ್ಕ ಹಟ ಹಿಡಿದು ಹಿತ್ತಲಿನ ಕೋಣೆಯನ್ನು ಕೇಳಿ ಪಡೆದರು. ಯಜಮಾನರು ಒಂದು ಷರತ್ತು ಹಾಕಿದರು. ನನ್ನ ಎದುರಿಗೇ ಹಾಕಿದ್ದರಿಂದ ಅದರ ಮಾತು ನೆನಪಿದೆ: "ಒಂದು ಬೆಳೆ ನೋಡು. ಬಂತಾ, ರೂಮು ನಿಂದು. ಬರಲಿಲ್ವಾ, ಬಾಡಿಗೆ ಬೋರ್ಡ್ ಹಾಕ್ತೀನಿ."

ಆ ಕೋಣೆಗೆ ಅಕ್ಕ ಹಾಕಿದ್ದ ಕಟ್ಟುಪಾಡುಗಳನ್ನು ಬೀದಿಯವರು ಮಡಿ ಎಂದು ನಗುತ್ತಿದ್ದರು. ಹೊಸಿಲಲ್ಲಿ ಸುಣ್ಣದ ಪುಡಿ, ಅದನ್ನು ತುಳಿದೇ ಒಳಗೆ ಹೋಗಬೇಕು. ಪಕ್ಕದಲ್ಲಿ ಊದುಬತ್ತಿ ಹಚ್ಚುವಂತಿಲ್ಲ, ಸೊಳ್ಳೆಬತ್ತಿಯಂತೂ ಇಲ್ಲವೇ ಇಲ್ಲ. ಬೀಡಿ ಸೇದಿದವರು, ತಲೆಗೆ ವಾಸನೆ ಎಣ್ಣೆ ಹಚ್ಚಿದವರು ಬಾಗಿಲಿನಾಚೆಯೇ. ಅದು ಮಡಿಯಲ್ಲ. ಹುಳುವಿಗೆ ಘಾಟು ತಗುಲಿದರೆ ಅದು ತಿನ್ನುವುದನ್ನು ಬಿಡುತ್ತದೆ, ಅಷ್ಟೆ. ಈ ಸೀಮೆಯಲ್ಲಿ ಮಕ್ಕಳಿಗೂ ಗೊತ್ತಿರುವ ಸಂಗತಿ. ಯಜಮಾನರಿಗೂ ಗೊತ್ತಿತ್ತು. ಗೊತ್ತಿದ್ದದ್ದನ್ನು ನೆನಪಿಡಲು ಅವರಿಗೆ ಪುರುಸೊತ್ತಿರಲಿಲ್ಲ.

ಹುಳು ನಾಲ್ಕನೆಯ ಜ್ವರ ಕಳೆದು ಎದ್ದು ವಾರವಾಗುತ್ತ ಬಂದಿತ್ತು. ಜ್ವರವೆಂದರೆ ಪೊರೆ ಬಿಡಲು ಅದು ಮೇವು ಬಿಟ್ಟು ಸುಮ್ಮನೆ ಮಲಗುವ ಹೊತ್ತು. ಕೊನೆಯ ಜ್ವರದಿಂದ ಎದ್ದ ಹುಳುವಿನ ಹಸಿವಿಗೆ ಮಿತಿಯಿಲ್ಲ. ತಟ್ಟೆ ತಟ್ಟೆಯಲ್ಲಿ ಸೊಪ್ಪು ಮೇಯುವ ಸದ್ದು ಹಂಚಿನ ಮೇಲೆ ಬೀಳುವ ಸಣ್ಣ ಹನಿಯಂತೆ ಹಿತ್ತಲಿನಿಂದ ನನ್ನ ಕೋಣೆಗೂ ಕೇಳುತ್ತಿತ್ತು. ನಾಳೆಯೋ ನಾಡಿದ್ದೋ ಹಣ್ಣಾಗಿ ಗೂಡು ಕಟ್ಟಲು ತೊಡಗುತ್ತದೆ ಎಂದು ಅಕ್ಕ ಬಿದಿರಿನ ಚಂದ್ರಿಕೆಗಳನ್ನು ತೊಳೆದು ಬಿಸಿಲಿಗೆ ಒರಗಿಸಿದ್ದರು. ಹಣ್ಣಾದ ಹುಳುವನ್ನು ಆರಿಸಿ ಬಿಡುವುದು ಅವುಗಳ ಮೇಲೆಯೇ. ನಿಂತಲ್ಲಿ ನಿಲ್ಲದೆ ಹತ್ತು ಸಲ ಒಳಗೂ ಹೊರಗೂ ಓಡಾಡುತ್ತಿದ್ದ ಅಕ್ಕನ ಮುಖದಲ್ಲಿ ಆಗ ಇದ್ದದ್ದು... ಅದನ್ನು ಏನೆಂದು ಬರೆಯಬೇಕೋ ನನಗೆ ಇನ್ನೂ ತಿಳಿದಿಲ್ಲ.

ಆ ಬೆಳಿಗ್ಗೆ ಅಕ್ಕ ಗೇಟಿನ ಬಳಿ ಸ್ಕೂಟರನ್ನು ತಡೆದರು. ಸಾದಲಿಯ ತೋಟದಲ್ಲಿ ಸೊಪ್ಪು ಹೇಳಿಟ್ಟಿದ್ದರು. ಒಗೆದು ಮಡಿಚಿದ ಹಳೆಯ ನೂಲಿನ ಸೀರೆಯೊಂದನ್ನು ಯಜಮಾನರ ಕೈಗಿತ್ತು, "ಸೊಪ್ಪನ್ನ ಇದರಲ್ಲೇ ಕಟ್ಕೊಂಡ್ ಬನ್ನಿ. ಇವತ್ತೊಂದಿನ ಬೇರೇನೂ ತರಬೇಡಿ, ಸೊಪ್ಪು ಮಾತ್ರ ತನ್ನಿ" ಎಂದರು.

"ಸಾದಲೀಗೆ ಬರೀ ಸೊಪ್ಪಿಗೋಸ್ಕರ ಹೋಗಕ್ಕೆ ನಂಗೇನು ತಲೆ ಕೆಟ್ಟಿದೆಯೇನೇ?" ಎಂದರು ಯಜಮಾನರು. ಜೇಬಿನ ಹಾಳೆ ತೆಗೆದು ಬೀಸಿ ತೋರಿಸಿದರು. ಪಟ್ಟಿಯ ಕೊನೆಯಲ್ಲಿ ಸೊಪ್ಪು ಇತ್ತು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಅವರು ಬಂದಾಗ ಸೊಪ್ಪಿನ ಮೇಲೆ ಸೀರೆ ಇರಲಿಲ್ಲ, ಒದ್ದೆ ಗೋಣಿಚೀಲ ಇತ್ತು. ಅಕ್ಕ ಒಂದು ಹಿಡಿ ಸೊಪ್ಪನ್ನು ಮೂಗಿಗೆ ಹಿಡಿದರು. ಮತ್ತೊಂದು ಹಿಡಿ ತೆಗೆದರು.

"ರೀ, ಏನೋ ವಾಸನೆ."

"ಗೋಣಿ ವಾಸನೆ ಕಣೇ. ಗೋಣಿ ಏನು ಮಲ್ಲಿಗೆ ಥರ ಘಮ್ ಅಂತದಾ?"

"ಸೀರೆ ಎಲ್ಲಿ?"

"ಎಲ್ಲೂ ಓಡೋಗಿಲ್ಲ, ಬರ್ತದೆ ಬಿಡು. ಇನ್ನೂ ಮೂರು ಕೆಲಸ ಇದೆ ನಂಗೆ."

"ಬೇರೆ ಯಾರ ಹತ್ರ ಆದ್ರೂ ಒಂದು ಹೊರೆ ಸೊಪ್ಪು ಕೇಳ್ರೀ..."

ಆ ಮಾತಿನ ಅರ್ಧಕ್ಕೆ ಸ್ಕೂಟರ್ ಬೀದಿ ದಾಟಿತ್ತು. ಅಕ್ಕ ಅಕ್ಕಪಕ್ಕದ ಸಾಕಣೆಯವರಿಗೆಲ್ಲ ಫೋನು ಮಾಡಿದರು. ಅವರ ಹುಳುಗಳೂ ಅದೇ ಹಸಿವಿನಲ್ಲಿದ್ದವು, ಕೊಡುವಷ್ಟು ಸೊಪ್ಪು ಯಾರಲ್ಲೂ ಇರಲಿಲ್ಲ. ತಟ್ಟೆಗಳಲ್ಲಿ ಹುಳುಗಳು ಬರಿಯ ಕಡ್ಡಿಯ ಮೇಲೆ ತಲೆ ಎತ್ತಿ ಹುಡುಕುತ್ತಿದ್ದವು. ಅಕ್ಕ ಎಲೆ ಎಲೆಯನ್ನೂ ತೊಳೆದು, ಬಟ್ಟೆಯಲ್ಲಿ ಒರೆಸಿ ಹಾಕಿದರು. ತೊಳೆದರೆ ಹೋಗುವ ವಾಸನೆಯೇ ಇರಬಹುದು ಎಂದುಕೊಂಡರು. ಆ ಹೊತ್ತಿನಲ್ಲಿ ಅವರಿಗೆ ಉಳಿದದ್ದು ಅಷ್ಟೇ.

ಬೆಳಿಗ್ಗೆ ನನ್ನನ್ನು ಎಬ್ಬಿಸಿದ್ದು ಸದ್ದಲ್ಲ, ಸದ್ದಿಲ್ಲದ್ದು. ಹಿತ್ತಲಿಗೆ ಹೋದೆ. ಹುಳುಗಳು ಕಂದು ರಸ ಕಾರಿಕೊಂಡು, ಮೈ ಮೊಟಕಾಗಿ, ಒಂದರ ಮೇಲೊಂದು ಬಿದ್ದಿದ್ದವು. ಕೆಲವು ಇನ್ನೂ ತಲೆ ಆಡಿಸುತ್ತಿದ್ದವು... ಅಕ್ಕ ತಟ್ಟೆಗಳ ನಡುವೆ ನಿಂತಿದ್ದರು. ಕುಳಿತಿರಲಿಲ್ಲ.

ಯಜಮಾನರು ಬಂದು ನೋಡಿದರು. ತಮ್ಮ ತಪ್ಪೇನೂ ಇಲ್ಲವೆಂದು ನನಗೆ ಮನವರಿಕೆ ಮಾಡಿಕೊಡಲು ಹಿಂದಿನ ದಿನದ ಓಡಾಟವನ್ನೆಲ್ಲ ಮೊದಲಿಂದ ಹೇಳತೊಡಗಿದರು. ನಾನು ಒಂದೂ ಪ್ರಶ್ನೆ ಕೇಳಲಿಲ್ಲ. ಕೇಳುವ ಅಗತ್ಯ ಬೀಳಲಿಲ್ಲ.

"ಚಿಕ್ಕಬಳ್ಳಾಪುರದಲ್ಲಿ ಮಿಕ್ಸಿ ಬಿಡಿಸ್ಕೊಂಡೆ. ಗಾಜಿನ ಜಾರಪ್ಪ, ಒಡೆದೋದ್ರೆ? ಅದಕ್ಕೆ ಸೀರೆ ಸುತ್ತಿದೆ. ಸಾದಲಿ ರಸ್ತೇಲಿ ನಮ್ಮ ಪರಿಚಯದೋರು ಟೊಮೆಟೊಗೆ ಹೊಡಿಯೋ ಔಷಧಿ ಹೇಳಿದ್ರು, ಅದನ್ನ ಗೋಣೀಲಿ ಹಾಕ್ಕೊಂಡು ಹೋಗಿ ಕೊಟ್ಟೆ. ಮುಚ್ಚಳ ಒಂಚೂರು ಸಡಿಲ ಇತ್ತು, ಜಾಸ್ತಿ ಏನೂ ಚೆಲ್ಲಿಲ್ಲ. ಅದೇ ಗೋಣಿ ಒದ್ದೆ ಮಾಡಿ ಸೊಪ್ಪಿಗೆ ಹೊದಿಸಿದೆ. ಒಂದು ಹೆಜ್ಜೆ ವೇಸ್ಟ್ ಮಾಡಿದೀನಾ, ನೀವೇ ಹೇಳಿ!"

ನನ್ನ ವೃತ್ತಿಯಲ್ಲಿ ಬಹಳ ಹೇಳಿಕೆಗಳನ್ನು ಬರೆದುಕೊಂಡಿದ್ದೇನೆ. ತಾನು ಹೇಳುತ್ತಿರುವುದು ಏನೆಂದು ಇಷ್ಟೂ ತಿಳಿಯದೆ, ಇಷ್ಟು ಹೆಮ್ಮೆಯಿಂದ ಹೇಳಿದವರನ್ನು ಮತ್ತೆ ಕಂಡಿಲ್ಲ. ಅಕ್ಕ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡರು. ಒಳಗೆ ಹೋಗಿ ಮಿಕ್ಸಿಯ ಜಾರಿಗೆ ಸುತ್ತಿದ್ದ ಸೀರೆಯನ್ನು ಬಿಚ್ಚಿ, ಒದರಿ, ಮಡಿಚಿ ಎತ್ತಿಟ್ಟರು. ಯಜಮಾನರು ಜೇಬಿನಿಂದ ಆ ದಿನದ ಹಾಳೆ ತೆಗೆದು ಎರಡು ಸಾಲು ಸೇರಿಸಿದರು. ಒಂದು, ಹುಳು ಹೂಳಲು ಗುಂಡಿ. ಇನ್ನೊಂದು, ಬಾಡಿಗೆ ಬೋರ್ಡು. ತಿಂಡಿಯ ಹೊತ್ತಿಗೆ ಎರಡಕ್ಕೂ ಗೀಟು ಬಿದ್ದಿತ್ತು. ಬೀದಿಯ ಟೀ ಅಂಗಡಿಯಲ್ಲಿ, "ಬೆಳಿಗ್ಗೆಯಿಂದ ಒಂದ್ ನಿಮಿಷ ಕೂತಿಲ್ಲ ಕಣಪ್ಪ" ಎನ್ನುತ್ತಿದ್ದದ್ದನ್ನು ನಾನೇ ಕೇಳಿದ್ದೇನೆ.

ಆ ವರ್ಷವೇ ನನಗೆ ವರ್ಗವಾಯಿತು. ನಡುವೆ ಬಂದುಹೋದಾಗಲೆಲ್ಲ ಹಿತ್ತಲಿನ ಕೋಣೆಯಲ್ಲಿ ಬೇರೆ ಬೇರೆ ಬಾಡಿಗೆಯವರನ್ನು ಕಂಡೆ. ಯಜಮಾನರು ಸ್ಕೂಟರಿನ ಮೇಲೆಯೇ ಇದ್ದರು...

ಮೊನ್ನೆ ಶಾಮಿಯಾನದಡಿ ಊಟಕ್ಕೆ ಕುಳಿತವರೆಲ್ಲ ಅವರನ್ನು ಹೊಗಳುತ್ತಿದ್ದರು. ನಮ್ಮ ಗ್ಯಾಸು ತಂದುಕೊಟ್ಟರು, ನಮ್ಮಜ್ಜಿಯ ಪಿಂಚಣಿ ಮಾಡಿಸಿಕೊಟ್ಟರು ಎಂದು ಒಬ್ಬೊಬ್ಬರದೂ ಒಂದೊಂದು. ಯಾವುದೂ ಸುಳ್ಳಲ್ಲ. "ಒಂದ್ ನಿಮಿಷ ಕೂತ ಮನುಷ್ಯ ಅಲ್ಲ ಕಣಮ್ಮ" ಎಂದರು ಎದುರುಮನೆಯ ಹಿರಿಯರು. ಅವರ ಲೋಟಕ್ಕೆ ಮಜ್ಜಿಗೆ ಬಗ್ಗಿಸುತ್ತಿದ್ದ ಅಕ್ಕ, "ಕೂತಿದ್ರೆ ಚೆನ್ನಾಗಿತ್ತು" ಎಂದು ಮುಂದಿನ ಎಲೆಗೆ ಹೋದರು. ಹಿರಿಯರು ಅದನ್ನು ದುಃಖದ ಮಾತೆಂದು ತಿಳಿದು ತಲೆದೂಗಿದರು. ದುಃಖವೂ ಇತ್ತು. ಈ ಕೆಲವೇ ದಿನಗಳಲ್ಲಿ ಅಕ್ಕ ಇಳಿದುಹೋಗಿದ್ದರು.

ಕೈ ತೊಳೆಯಲು ಹಿತ್ತಲಿಗೆ ಹೋದೆ. ಮೆಟ್ಟಿಲಿನ ಕೆಳಗೆ ಚಂದ್ರಿಕೆಗಳು ಗೋಡೆಗೆ ಒರಗಿದ್ದವು. ಬಿದಿರು ಕಪ್ಪಾಗಿತ್ತು, ಧೂಳಿರಲಿಲ್ಲ. ನಾನು ನೋಡುತ್ತಿದ್ದುದನ್ನು ಕಂಡು ಅಕ್ಕ, "ಯುಗಾದಿಗೆ ಯುಗಾದಿಗೆ ತೊಳೆದಿಡ್ತೀನಪ್ಪ. ಒಲೆಗೆ ಹಾಕಣ ಅಂತ ಅವರು ಎಷ್ಟೋ ಸಲ ಪಟ್ಟೀಲಿ ಬರೆದ್ರು. ಅದೊಂದನ್ನ ಮಾಡಕ್ಕೆ ಬಿಡಲಿಲ್ಲ" ಎಂದರು. ಮತ್ತೆ ಯಾಕೆ ಸಾಕಲಿಲ್ಲ ಎಂದು ಕೇಳಿದೆ. ಅಕ್ಕ ಕೋಣೆಯ ಬಾಗಿಲಿನ ಕಡೆ ನೋಡಿದರು. ಅಲ್ಲಿ ಬಾಡಿಗೆಯವರ ಬೀಗ ತೂಗುತ್ತಿತ್ತು. ಆ ಕೈಗಳು ಕಲಿತದ್ದು ಆ ಕೈಗಳಲ್ಲೇ ಮುಗಿಯಿತು. ಈ ಮನೆಯಿಂದ ಹೋದದ್ದೇನೆಂದು ಯಾರಾದರೂ ನನ್ನನ್ನು ಕೇಳಿದರೆ ನಾನು ಮೊದಲು ಬರೆಯುವುದು ಅದನ್ನು.

ಅಷ್ಟರಲ್ಲಿ ಮುಂದೆ ಗದ್ದಲವಾಯಿತು. ಎರಡನೆಯ ಪಂಕ್ತಿ ಕೂತಿದೆ, ಕುಡಿಯುವ ನೀರಿನ ಕ್ಯಾನು ಮುಗಿದಿದೆ, ಇನ್ನಷ್ಟು ತರಿಸಬೇಕೆಂದು ಯಾರಿಗೂ ಹೊಳೆದಿಲ್ಲ. "ಅವರಿದ್ದಿದ್ರೆ ಇಷ್ಟೊತ್ತಿಗೆ ತಂದಾಕ್ಬಿಡೋರು" ಎಂದು ಯಾರೋ ಅಂದರು. ನಿಜ, ತಂದುಬಿಡುತ್ತಿದ್ದರು. ಒಬ್ಬ ಸಂಬಂಧಿಕ ಸ್ಕೂಟರಿನ ಕೀ ಕೇಳಿಕೊಂಡು ಹಿತ್ತಲಿಗೆ ಬಂದ. ಬರುವಾಗ ಹಾಗೇ ಬಾಳೆಹಣ್ಣು, ಐಸು, ಅಡಿಗೆಯವರಿಗೆ ಎಲೆಅಡಿಕೆ, ಇನ್ನೇನಾದರೂ ಬೇಕೇ ಎಂದು ವಿಚಾರಿಸಿದ.

ಅಕ್ಕ ಮೊಳೆಯಿಂದ ಕೀ ತೆಗೆದು ಅವನ ಅಂಗೈಯಲ್ಲಿಟ್ಟರು. ಕೂಡಲೇ ಕೈ ಬಿಡಲಿಲ್ಲ.

"ಬೇರೇನೂ ತರಬೇಡಪ್ಪ" ಎಂದರು. "ನೀರು ಮಾತ್ರ ತಗೊಂಡ್ ಬಾ."